ಮೂವತ್ತು ನೋಂಬನ್ನೂ ಬಿಡದೆ ಹಿಡಿದ ಹುಡುಗಿ

ಹನ್ನೊಂದು ವರ್ಷದ ಹಿಂದಿನ ರಮಝಾನ್ ಅದು. ನಮ್ಮ ಅಣ್ಣನ ಮಗಳಿಗೆ ಆಗ 16 ವರ್ಷ. ಎಸೆಸೆಲ್ಸಿಯಲ್ಲಿ ಒಳ್ಳೆಯ ಮಾರ್ಕು ತೆಗೆದು ಪಿಯುಸಿಗೆ ಸೇರಿದ್ದಳು. ಆ ತಿಂಗಳು ಅವಳು ಒಂದು ನೋಂಬನ್ನೂ ಬಿಡಲಿಲ್ಲ. ಈದ್ ದಿನ ಮನೆಗೆ ಬಂದ ನೆಂಟರೆಲ್ಲ "ಮಾಶಾ ಅಲ್ಲಾಹ್, ಮೂವತ್ತನ್ನೂ ಹಿಡಿದಳಂತೆ" ಅಂತ ಹೊಗಳಿದರು. ನಾವೂ ಹೊಗಳಿದೆವು. ಸುಮ್ಮನೆ ಕೂತದ್ದು ಅವಳ ಅಜ್ಜಿ, ಅಂದರೆ ನಮ್ಮ ಉಮ್ಮ ಒಬ್ಬರೇ. ನೆಂಟರು ಹೋದ ಮೇಲೆ ಅಡುಗೆ ಮನೆಯಲ್ಲಿ ಅತ್ತಿಗೆಯನ್ನು ಹತ್ತಿರ ಕರೆದು ಕೇಳಿದರು: "ಪ್ರಾಯಕ್ಕೆ ಬಂದ ಹೆಣ್ಣು ಮೂವತ್ತನ್ನೂ ಹಿಡಿಯೋದು ಹೇಗೆ ಮಗಳೇ?"

ಆ ಪ್ರಶ್ನೆ ನಮಗ್ಯಾರಿಗೂ ಹೊಳೆದಿರಲಿಲ್ಲ. ವಿಚಾರಿಸಿದಾಗ ಗೊತ್ತಾಯಿತು, ಅವಳಿಗೆ ನಾಲ್ಕು ತಿಂಗಳಿನಿಂದ ಮುಟ್ಟೇ ಆಗಿರಲಿಲ್ಲ. ನಾವು ಭಕ್ತಿ ಅಂದುಕೊಂಡದ್ದು ಒಂದು ಕಾಯಿಲೆಯ ಗುರುತಾಗಿತ್ತು. ಆ ಕಾಯಿಲೆಯ ಹೆಸರು ನಮಗೆ ಗೊತ್ತಾಗಲು ಮತ್ತೂ ಒಂದು ವರ್ಷ ಹಿಡಿಯಿತು. ಅನೊರೆಕ್ಸಿಯಾ ನರ್ವೋಸಾ.

ಇದನ್ನು ಬರೆಯುವ ಮೊದಲು ಅವಳ ಒಪ್ಪಿಗೆ ಕೇಳಿದೆವು. "ಹೆಸರು ಬೇಡ, ತೂಕದ ಲೆಕ್ಕ ಬೇಡ, ಬೇರೆ ಎಂತ ಬೇಕಾದ್ರೂ ಬರೀರಿ" ಅಂದಳು. ತೂಕದ ಲೆಕ್ಕ ಯಾಕೆ ಬೇಡ ಅಂದರೆ, ಈ ಕಾಯಿಲೆ ಇರುವ ಮಕ್ಕಳು ಬೇರೆಯವರ ಅಂಕಿ ಓದಿ ಅದಕ್ಕಿಂತ ಕೆಳಗೆ ಇಳಿಯಲು ನೋಡುತ್ತಾರಂತೆ. ಹಾಗಾಗಿ ಈ ಲೇಖನದಲ್ಲಿ ಅವಳ ತೂಕದ ಲೆಕ್ಕ ಇಲ್ಲ.

ಕಳೆದುಹೋದ ಒಂದೂವರೆ ವರ್ಷ

ಮೊದಲು ಹೆಂಗಸರ ಡಾಕ್ಟರ ಹತ್ತಿರ ಹೋದೆವು. ಮುಟ್ಟು ಬರಲು ಮಾತ್ರೆ ಕೊಟ್ಟರು. ಬೇರೆ ಕಡೆ ರಕ್ತ ಕಡಿಮೆ ಉಂಟು ಅಂತ ಟಾನಿಕ್ ಕೊಟ್ಟರು. ಕಣ್ಣು ತಾಗಿದೆ ಅಂತ ಯಾರೋ ಹೇಳಿದ್ದಕ್ಕೆ ನೀರು ಓದಿಸಿಕೊಂಡು ಬಂದೆವು. ದುಆ ಮಾಡಿದ್ದು ತಪ್ಪಲ್ಲ. ಅದರ ಜೊತೆಗೆ ಸರಿಯಾದ ಡಾಕ್ಟರನ್ನು ಹುಡುಕದೆ ಇದ್ದದ್ದು ತಪ್ಪು. ಅಷ್ಟರಲ್ಲಿ ಅವಳ ಕೂದಲು ಉದುರುತ್ತಿತ್ತು. ಏಪ್ರಿಲ್ ತಿಂಗಳ ಸೆಕೆಯಲ್ಲೂ ಚಳಿ ಅಂತ ಹೊದ್ದುಕೊಳ್ಳುತ್ತಿದ್ದಳು. ಕೈಮೇಲೆ ಸಣ್ಣ ರೋಮ ಬೆಳೆದಿತ್ತು. ಮೆಟ್ಟಿಲು ಹತ್ತಿದರೆ ಕಣ್ಣು ಕತ್ತಲೆ. ಆದರೂ ಕ್ಲಾಸಿನಲ್ಲಿ ಫಸ್ಟ್. ಕೇಳಿದರೆ ಒಂದೇ ಉತ್ತರ: "ನಂಗೆ ಹಸಿವಿಲ್ಲ ಉಮ್ಮ."

ಈ ಕಾಯಿಲೆಗೆ ಈ ಹೆಸರಿಟ್ಟವರು ಲಂಡನ್ನಿನ ವೈದ್ಯ ವಿಲಿಯಂ ಗಲ್, 1873ರಲ್ಲಿ. ಅದೇ ವರ್ಷ ಪ್ಯಾರಿಸಿನಲ್ಲಿ ಲಸೇಗ್ ಎಂಬ ವೈದ್ಯರೂ ಇಂಥದೇ ರೋಗಿಗಳ ಬಗ್ಗೆ ಬರೆದರು. ಅಂದರೆ ಇದು ಮೊಬೈಲ್, ರೀಲ್ಸ್ ಬಂದ ಮೇಲೆ ಹುಟ್ಟಿದ ಕಾಯಿಲೆಯಲ್ಲ. ರೀಲ್ಸ್ ಇದಕ್ಕೆ ಗಾಳಿ ಹಾಕಬಹುದು, ಆದರೆ ಬೇರು ಇನ್ನೂ ಆಳದಲ್ಲಿ ಉಂಟು. ಹೆಸರಿನ ಅರ್ಥ ಹಸಿವು ಇಲ್ಲದಿರುವುದು ಅಂತ. ಅದೂ ಪೂರ್ತಿ ಸರಿಯಲ್ಲ. ಹಸಿವು ಇರುತ್ತದೆ, ಉಣ್ಣಲು ಹೆದರಿಕೆ. ದಪ್ಪ ಆಗಿಬಿಡುತ್ತೇನೆ ಎಂಬ ಹೆದರಿಕೆ ಎಲುಬು ಕಂಡ ಮೇಲೂ ಹೋಗುವುದಿಲ್ಲ.

ಅತ್ತಿಗೆ ವರ್ಷಗಟ್ಟಲೆ ತನ್ನನ್ನೇ ದೂರಿಕೊಂಡರು. "ನಾನೇ ಎಂತದೋ ತಪ್ಪು ಮಾಡಿರ್ಬೇಕು" ಅಂತ. ಅವರಿಗೆ ಸಮಾಧಾನ ಸಿಕ್ಕಿದ್ದು ಡಾಕ್ಟರು ಹೇಳಿದ ಒಂದು ವಿಷಯದಿಂದ. 2019ರಲ್ಲಿ ಹಲವು ದೇಶಗಳ ವಿಜ್ಞಾನಿಗಳು ಸೇರಿ ಸುಮಾರು 17 ಸಾವಿರ ರೋಗಿಗಳ ಡಿಎನ್ಎ ಪರೀಕ್ಷಿಸಿ, ಈ ಕಾಯಿಲೆಗೆ ಸಂಬಂಧ ಇರುವ ಎಂಟು ಜಾಗಗಳನ್ನು ಗುರುತಿಸಿದರು. ಮನಸ್ಸಿಗೆ ಸಂಬಂಧಪಟ್ಟ ಗುಣಗಳ ಜೊತೆ, ದೇಹ ಆಹಾರವನ್ನು ಬಳಸಿಕೊಳ್ಳುವ ರೀತಿಗೂ ಇದಕ್ಕೂ ನಂಟು ಉಂಟು ಅಂತ ಕಂಡಿತು. ಹೇಳಬೇಕಾದ್ದು ಇಷ್ಟೇ: ತಾಯಿ ತಂದೆ ಸಾಕಿದ ರೀತಿಯಿಂದ ಬಂದ ಕಾಯಿಲೆ ಇದಲ್ಲ.

ಹಸಿದ ಮೆದುಳಿಗೆ ಬುದ್ಧಿಮಾತು ತಾಗುವುದಿಲ್ಲ

ಆ ದಿನಗಳಲ್ಲಿ ನಮಗೆ ಅರ್ಥವೇ ಆಗದ ಒಂದು ವಿಷಯ ಇತ್ತು. ತಾನು ಉಣ್ಣದವಳು ಮನೆಯವರಿಗೆಲ್ಲ ಅಡುಗೆ ಮಾಡುತ್ತಿದ್ದಳು. ಇಫ್ತಾರಿಗೆ ನೈಪತ್ತಿರ್ ಕರಿದು, ಬಿಸಿಬಿಸಿ ಬಡಿಸಿ, ತಮ್ಮ ತಿನ್ನುವುದನ್ನೇ ನೋಡುತ್ತ ಕೂರುತ್ತಿದ್ದಳು. ರಾತ್ರಿ ಎರಡು ಗಂಟೆಯವರೆಗೆ ಅಡುಗೆ ವಿಡಿಯೋ. ತನ್ನ ಬಟ್ಟಲಿನಲ್ಲಿದ್ದ ಅರ್ಧ ದೋಸೆಯನ್ನು ಚೂರು ಚೂರು ಮಾಡಿ ಮುಕ್ಕಾಲು ಗಂಟೆ ತಿನ್ನುತ್ತಿದ್ದಳು. "ನಾಟಕ ಮಾಡ್ತಾಳೆ" ಅಂತ ನಾವೇ ಹೇಳಿದ್ದುಂಟು.

ನಾಟಕ ಅಲ್ಲ ಅಂತ ತಿಳಿಯಲು ಅಮೆರಿಕದ ಒಂದು ಹಳೆಯ ಪ್ರಯೋಗದ ಕಥೆ ಸಾಕು. 1944ರ ಕೊನೆಯಲ್ಲಿ ಮಿನ್ನೆಸೋಟ ವಿಶ್ವವಿದ್ಯಾಲಯದಲ್ಲಿ ಆನ್ಸೆಲ್ ಕೀಸ್ ಎಂಬ ವಿಜ್ಞಾನಿ 36 ಗಂಡಸರನ್ನು ಸೇರಿಸಿದರು. ಯುದ್ಧಕ್ಕೆ ಹೋಗಲು ಒಪ್ಪದೆ, ಅದರ ಬದಲು ಈ ಸೇವೆಗೆ ತಾವಾಗಿ ಮುಂದೆ ಬಂದ ಆರೋಗ್ಯವಂತ ಯುವಕರು ಅವರು. 1945ರಲ್ಲಿ ಆರು ತಿಂಗಳು ಅವರಿಗೆ ಅರೆಹೊಟ್ಟೆ ಊಟ. ತೂಕದ ಕಾಲು ಭಾಗದಷ್ಟು ಇಳಿಯಿತು. ಅವರಲ್ಲಿ ಯಾರಿಗೂ ದಪ್ಪ ಆಗುವ ಹೆದರಿಕೆ ಇರಲಿಲ್ಲ. ಆದರೂ ಊಟವನ್ನು ಎಳೆದೆಳೆದು ತಿನ್ನತೊಡಗಿದರು. ಅಡುಗೆ ಪುಸ್ತಕ ಓದುತ್ತ, ಸಂಗ್ರಹಿಸುತ್ತ ಕೂತರು. ಸಿಟ್ಟು, ಬೇಸರ, ಯಾವಾಗಲೂ ಚಳಿ. ಗೆಳೆಯರ ಸಂಗ ಬೇಡವಾಯಿತು. ಮತ್ತೆ ಊಟ ಕೊಟ್ಟ ಮೇಲೂ ಮನಸ್ಸು ಮೊದಲಿನ ಹಾಗಾಗಲು ಬಹಳ ತಿಂಗಳು ಹಿಡಿಯಿತು.

ಅಂದರೆ ಆ ಹಟ, ಆ ಸಿಟ್ಟು, ಆ ಮೌನದ ಒಂದು ಪಾಲು ಹುಡುಗಿಯದ್ದಲ್ಲ, ಹಸಿವಿನದ್ದು. ಅದಕ್ಕೇ ಚಿಕಿತ್ಸೆಯಲ್ಲಿ ಮೊದಲ ಮದ್ದು ಊಟ. ದೇಹಕ್ಕೆ ಬಲ ಬಂದ ಮೇಲೆಯೇ ಮಾತಿನ ಚಿಕಿತ್ಸೆ ಸರಿಯಾಗಿ ತಲೆಗೆ ಹೋಗುವುದು.

ಆಸ್ಪತ್ರೆ, ಮತ್ತೆ ಮನೆ

ಕಾಲೇಜಿನಲ್ಲಿ ತಲೆ ತಿರುಗಿ ಬಿದ್ದ ದಿನ ಅವಳ ನಾಡಿ ತೀರಾ ನಿಧಾನವಾಗಿತ್ತು. ಆಗ ಸಿಕ್ಕಿದ ಮನೋವೈದ್ಯರು ಹೆಸರಿಟ್ಟು ಹೇಳಿದರು. ಅಣ್ಣ ದಮ್ಮಾಮ್‌ನಿಂದ ಓಡಿ ಬಂದರು. "ಡ್ರಿಪ್ ಹಾಕಿ, ಬೇಗ ಬೇಗ ತಿನ್ನಿಸಿ ಕಳಿಸಿ" ಅಂತ ನಾವೆಲ್ಲ ಅಂದದ್ದಕ್ಕೆ ಡಾಕ್ಟರು ಒಪ್ಪಲಿಲ್ಲ. ಬಹಳ ದಿನ ಹಸಿದ ದೇಹಕ್ಕೆ ಒಮ್ಮೆಲೇ ಊಟ ಕೊಟ್ಟರೆ ರಕ್ತದಲ್ಲಿ ಫಾಸ್ಫೇಟ್ ಕುಸಿದು ಹೃದಯಕ್ಕೆ ಅಪಾಯ ಆಗುತ್ತದೆ. ದಿನಾ ರಕ್ತ ಪರೀಕ್ಷೆ ಮಾಡುತ್ತ, ಸ್ವಲ್ಪ ಸ್ವಲ್ಪವೇ ಹೆಚ್ಚಿಸಿದರು. ತೀರಾ ಸೊರಗಿದ ಮಕ್ಕಳಿಗೆ ಮನೆಯಲ್ಲೇ ಒತ್ತಾಯ ಮಾಡಿ ತಿನ್ನಿಸಲು ಹೋಗಬಾರದು. ಮೊದಲು ಡಾಕ್ಟರು ನೋಡಬೇಕು.

ಐದು ವಾರದ ನಂತರ ಮನೆಗೆ ಬಂದಳು. ನಾವು ಸಿಹಿ ಹಂಚಿದೆವು. ಕಾಯಿಲೆ ಹೋಯಿತು ಅಂದುಕೊಂಡೆವು. ಎಂಟು ತಿಂಗಳಲ್ಲಿ ಎಲ್ಲ ವಾಪಸ್. ಆಸ್ಪತ್ರೆಯಿಂದ ಬಂದ ಮೊದಲ ವರ್ಷವೇ ಕಾಯಿಲೆ ಮರುಕಳಿಸುವ ಭಯ ಹೆಚ್ಚಿನ ಕಾಲ ಅಂತ ಆಮೇಲೆ ತಿಳಿಯಿತು. ಅಮೆರಿಕದ ಹೆಸರಾಂತ ಗಾಯಕಿ ಕ್ಯಾರೆನ್ ಕಾರ್ಪೆಂಟರ್ 1982ರಲ್ಲಿ ಚಿಕಿತ್ಸೆ ಪಡೆದು, ತೂಕವೂ ಏರಿ ಮನೆಗೆ ಮರಳಿದ್ದರು. 1983ರ ಫೆಬ್ರವರಿ 4ರಂದು, 32ನೇ ವಯಸ್ಸಿನಲ್ಲಿ, ಸೋತ ಹೃದಯ ನಿಂತುಹೋಯಿತು. ಮಾನಸಿಕ ಕಾಯಿಲೆಗಳಲ್ಲಿ ಜೀವಕ್ಕೆ ಅತಿ ಹೆಚ್ಚು ಅಪಾಯ ಇರುವವುಗಳಲ್ಲಿ ಇದೂ ಒಂದು. ಸಾಯುವವರಲ್ಲಿ ಐವರಲ್ಲಿ ಒಬ್ಬರು ಆತ್ಮಹತ್ಯೆಯಿಂದ ಹೋಗುತ್ತಾರೆ ಅಂತ 2011ರ ದೊಡ್ಡ ಅಧ್ಯಯನವೊಂದು ಲೆಕ್ಕ ಕೊಟ್ಟಿದೆ. ಇದು ಡಯಟ್ ಹುಚ್ಚು ಅಂತ ನಗುವ ವಿಷಯ ಅಲ್ಲ.

ಎರಡನೇ ಸಲ ಡಾಕ್ಟರು ಮನೆಯವರನ್ನೆಲ್ಲ ಕೂರಿಸಿ ಕೆಲಸ ಹಂಚಿದರು. ಲಂಡನ್ನಿನ ಮಾಡ್ಸ್ಲಿ ಆಸ್ಪತ್ರೆಯಲ್ಲಿ 1980ರ ದಶಕದಲ್ಲಿ ಬೆಳೆದ ಕ್ರಮ ಇದು. ಏನು, ಎಷ್ಟು ಉಣ್ಣಬೇಕು ಅಂತ ಸ್ವಲ್ಪ ಕಾಲ ತಾಯಿ ತಂದೆ ತೀರ್ಮಾನಿಸುತ್ತಾರೆ, ಬಡಿಸುತ್ತಾರೆ, ಮುಗಿಯುವವರೆಗೆ ಜೊತೆಗೆ ಕೂರುತ್ತಾರೆ. ಬಯ್ಯುವುದಿಲ್ಲ, ಬೇಡುವುದೂ ಇಲ್ಲ. ಬಲ ಬಂದ ಹಾಗೆ ಊಟದ ಜವಾಬ್ದಾರಿಯನ್ನು ಹಂತ ಹಂತವಾಗಿ ಮಕ್ಕಳಿಗೇ ವಾಪಸ್ ಕೊಡುತ್ತಾರೆ. 1987ರಲ್ಲಿ ಪ್ರಕಟವಾದ ಅವರ ಅಧ್ಯಯನದಲ್ಲಿ, 19 ವರ್ಷದೊಳಗೆ ಕಾಯಿಲೆ ಶುರುವಾಗಿ ಮೂರು ವರ್ಷ ದಾಟದವರಿಗೆ ಈ ಕ್ರಮ ಚೆನ್ನಾಗಿ ಹಿಡಿಯಿತು. ಐದು ವರ್ಷ ಕಳೆದು ನೋಡಿದಾಗಲೂ ಆ ಲಾಭ ಉಳಿದಿತ್ತು. ನಮ್ಮ ಹುಡುಗಿಗೆ ಆಗ ಮೂರನೇ ವರ್ಷ ನಡೆಯುತ್ತಿತ್ತು. ಕಳೆದುಹೋದ ಆ ಒಂದೂವರೆ ವರ್ಷ ಎಷ್ಟು ದುಬಾರಿ ಅಂತ ಅವತ್ತು ಗೊತ್ತಾಯಿತು.

ಅಣ್ಣ ನಾಲ್ಕು ತಿಂಗಳು ರಜೆ ಹಾಕಿ ನಿಂತರು. ಇಪ್ಪತ್ತು ವರ್ಷ ಫೋನಿನಲ್ಲೇ ತಂದೆಯಾಗಿದ್ದ ಮನುಷ್ಯ ದಿನಕ್ಕೆ ಆರು ಸಲ ಮಗಳ ಎದುರು ಕೂತರು. ಒಮ್ಮೆ ಅವಳು ಬಟ್ಟಲು ಎಸೆದಳು. ಅಣ್ಣ ನೆಲ ಒರೆಸಿ, ಇನ್ನೊಂದು ಬಟ್ಟಲು ಬಡಿಸಿ, "ನೀನು ಉಂಡ ಮೇಲೆ ನಾನು ಉಣ್ತೇನೆ" ಅಂದರು. ರಾತ್ರಿ ಹತ್ತೂವರೆಗೆ ಇಬ್ಬರೂ ಉಂಡರು.

ದೂರದ ಲೆಕ್ಕ

ಐದು ವರ್ಷ ಕಳೆದರೂ ಪೂರ್ತಿ ಗುಣ ಆಗದೆ ಇದ್ದಾಗ ನಮಗೆ ಸಾಕಾಗಿತ್ತು. "ಇವಳು ಹೀಗೇ" ಅಂತ ಮನಸ್ಸಿನಲ್ಲೇ ಕೈಬಿಡುವ ಹೊತ್ತಿಗೆ ಡಾಕ್ಟರು ಕೆಲವು ಅಂಕಿ ತೋರಿಸಿದರು. ನಮ್ಮನ್ನು ಎತ್ತಿ ನಿಲ್ಲಿಸಿದ್ದು ಆ ಅಂಕಿಗಳೇ. ಅದಕ್ಕೇ ಇಲ್ಲಿ ಕೊಡುತ್ತಿದ್ದೇವೆ.

ಅಮೆರಿಕದ ಬೋಸ್ಟನ್ನಿನಲ್ಲಿ 1987ರಿಂದ 246 ಹೆಂಗಸರನ್ನು ಹಿಂಬಾಲಿಸಿ ನೋಡಿದರು. ಕೆಲವರಿಗೆ ಅನೊರೆಕ್ಸಿಯಾ, ಕೆಲವರಿಗೆ ತಿಂದು ಕಕ್ಕುವ ಬುಲಿಮಿಯಾ. ಒಂದು ವರ್ಷ ಪೂರ್ತಿ ಕಾಯಿಲೆಯ ಗುರುತು ಇಲ್ಲದೆ ಅಥವಾ ತೀರಾ ಕಡಿಮೆ ಇದ್ದರೆ ಮಾತ್ರ ಗುಣ ಅಂತ ಲೆಕ್ಕ. ಅನೊರೆಕ್ಸಿಯಾ ಇದ್ದವರಲ್ಲಿ ಒಂಬತ್ತು ವರ್ಷದ ಹೊತ್ತಿಗೆ ಗುಣವಾದವರು 31.4 ಶೇಕಡಾ ಮಾತ್ರ. ಅಲ್ಲಿಗೇ ಲೆಕ್ಕ ನಿಲ್ಲಿಸಿದ್ದರೆ ಮೂರರಲ್ಲಿ ಇಬ್ಬರು ಗುಣ ಆಗುವುದಿಲ್ಲ ಅಂತ ಬರೆದು ಮುಗಿಸುತ್ತಿದ್ದರು. ಅವರು ನಿಲ್ಲಿಸಲಿಲ್ಲ. ಸುಮಾರು 22 ವರ್ಷದ ಹೊತ್ತಿಗೆ 62.8 ಶೇಕಡಾ ಗುಣವಾಗಿದ್ದರು. ಒಂಬತ್ತು ವರ್ಷಕ್ಕೂ ಗುಣ ಆಗದೆ ಉಳಿದವರಲ್ಲಿ ಅರ್ಧದಷ್ಟು ಮಂದಿ ಆಮೇಲೆ ಗುಣ ಕಂಡರು.

ಸ್ವೀಡನ್ನಿನ ಗೋಥೆನ್‌ಬರ್ಗ್‌ನಲ್ಲಿ ಹದಿಹರೆಯದಲ್ಲಿ ಕಾಯಿಲೆ ಬಂದ 51 ಮಂದಿಯನ್ನು 30 ವರ್ಷ ಕಳೆದು ಮತ್ತೆ ನೋಡಿದರು. 2020ರಲ್ಲಿ ಪ್ರಕಟವಾದ ವರದಿಯಂತೆ ಅವರಲ್ಲಿ ಒಬ್ಬರೂ ಸತ್ತಿರಲಿಲ್ಲ. 64 ಶೇಕಡಾ ಮಂದಿಗೆ ಊಟದ ಕಾಯಿಲೆಯ ಯಾವ ಗುರುತೂ ಇರಲಿಲ್ಲ. ಐವರಲ್ಲಿ ಒಬ್ಬರಿಗೆ ಮಾತ್ರ ಇನ್ನೂ ಒಂದಲ್ಲ ಒಂದು ರೂಪದಲ್ಲಿ ಇತ್ತು. ಆದರೆ ಕಾಯಿಲೆಯಲ್ಲಿ ಕಳೆದ ಕಾಲ ಸರಾಸರಿ ಹತ್ತು ವರ್ಷ. ಲಾಸ್ ಏಂಜಲೀಸ್‌ನ 1997ರ ಅಧ್ಯಯನದಲ್ಲೂ, ಹದಿಹರೆಯದಲ್ಲೇ ಒಳ್ಳೆಯ ಚಿಕಿತ್ಸೆ ಸಿಕ್ಕಿದವರಲ್ಲಿ ನಾಲ್ವರಲ್ಲಿ ಮೂವರು ಪೂರ್ತಿ ಗುಣವಾದರು. ಅದಕ್ಕೆ ಹಿಡಿದದ್ದು ಐದು ಆರು ವರ್ಷ.

ಇದರ ಅರ್ಥ, ಈ ಕಾಯಿಲೆಯನ್ನು ತಿಂಗಳ ಲೆಕ್ಕದಲ್ಲಿ ನೋಡಬಾರದು. ತಡ ಆದ ಮಾತ್ರಕ್ಕೆ ದಾರಿ ಮುಚ್ಚಿತು ಅಂತ ತಿಳಿಯಲೂಬಾರದು.

ಯಾವುದು ಎತ್ತಿತು, ಯಾವುದು ಕೆಡವಿತು

ಎತ್ತಿದ್ದರಲ್ಲಿ ಮೊದಲನೆಯದು ಬಿಡದೆ ಮಾಡಿದ ಚಿಕಿತ್ಸೆ. ಎರಡನೆಯದು, ಅದರ ಹಿಂದೆ ಅಡಗಿದ್ದ ಖಿನ್ನತೆಗೂ ಮದ್ದು ಮಾಡಿದ್ದು. ಬೋಸ್ಟನ್ನಿನ ಲೆಕ್ಕದಲ್ಲೂ ಶುರುವಿನಲ್ಲೇ ತೀವ್ರ ಖಿನ್ನತೆ ಇದ್ದವರಲ್ಲಿ ಅನೊರೆಕ್ಸಿಯಾ 22 ವರ್ಷದ ನಂತರವೂ ಉಳಿದ ಸಾಧ್ಯತೆ ಹೆಚ್ಚಿತ್ತು. ಮೂರನೆಯದು, ಕಾಯಿಲೆ ಬಿಟ್ಟು ಬೇರೆ ಬದುಕು. ಡಿಗ್ರಿ ಮುಗಿಸಿದ ಮೇಲೆ ಒಂದು ಶಾಲೆಯಲ್ಲಿ ಪಾಠ ಮಾಡಲು ಸೇರಿದಳು. "ಮಕ್ಕಳ ಎದುರು ನಿಂತಾಗ ಹೊಟ್ಟೆಯ ನೆನಪೇ ಬರೋದಿಲ್ಲ" ಅಂತ ಹೇಳಿದ್ದು ನಮಗೆ ಈಗಲೂ ನೆನಪುಂಟು. ಜೊತೆಗೆ ಒಬ್ಬಳು ಗೆಳತಿ. ಏನೂ ಉಪದೇಶ ಮಾಡದೆ ದಿನಾ ಮಧ್ಯಾಹ್ನ ಜೊತೆಗೆ ಬುತ್ತಿ ಬಿಚ್ಚುತ್ತಿದ್ದಳು.

ಕೆಡವಿದ್ದು ಹೆಚ್ಚಾಗಿ ಮಾತು. "ಈಗ ಸ್ವಲ್ಪ ಮೈ ಕೈ ತುಂಬಿದ್ದೀ" ಅಂತ ಮದುವೆ ಮನೆಯಲ್ಲಿ ಪ್ರೀತಿಯಿಂದ ಹೇಳಿದ ಒಂದು ಮಾತಿಗೆ ಅವಳು ಮೂರು ದಿನ ಊಟ ಬಿಟ್ಟಳು. 22ನೇ ವರ್ಷದಲ್ಲಿ ಒಂದು ಸಂಬಂಧ ಬಂತು. ಹುಡುಗನ ಕಡೆಯ ಹೆಂಗಸರು ಬಂದು ಎತ್ತರ, ಬಣ್ಣ, ತೂಕ ಎಲ್ಲ ಅಳೆದ ಹಾಗೆ ನೋಡಿ ಹೋದರು. ಮೀನು ಮಾರ್ಕೆಟಿನಲ್ಲಿ ಬಂಗುಡೆ ನೋಡಿದ ಹಾಗೆ ಅಂತ ನಮ್ಮ ಉಮ್ಮ ಸಿಟ್ಟಾದರು. ಅವತ್ತಿನಿಂದ ಮತ್ತೆ ಒಂದು ವರ್ಷ ಹಿಂದಕ್ಕೆ ಹೋದೆವು. ಮನೆಯವರ ಚುಚ್ಚು ಮಾತು ಹೆಚ್ಚಿದ್ದ ಕಡೆ ಚಿಕಿತ್ಸೆಯ ಫಲ ಕಡಿಮೆ ಅಂತ ಮಾಡ್ಸ್ಲಿಯ ವೈದ್ಯರೂ ಕಂಡುಕೊಂಡಿದ್ದರು. ದಪ್ಪ ಆದದ್ದನ್ನೂ ಹೇಳುವುದು ಬೇಡ, ಸಣ್ಣ ಆದದ್ದನ್ನೂ ಹೊಗಳುವುದು ಬೇಡ. ಅಷ್ಟು ಮಾಡಿದರೆ ನಮ್ಮ ಅರ್ಧ ಪಾಲು ಮಾಡಿದ ಹಾಗೆ.

ಕಾಯಿಲೆಯನ್ನು ಮುಚ್ಚಿಟ್ಟದ್ದೂ ಕೆಡವಿತು. ಮದುವೆ ಆಗದೆ ಉಳಿದಾಳು ಅಂತ ಜಮಾಅತಿನಲ್ಲಿ ಯಾರಿಗೂ ಹೇಳಲಿಲ್ಲ. ಹಾಗಾಗಿ ಸಹಾಯಕ್ಕೂ ಯಾರೂ ಬರಲಿಲ್ಲ.

ನೋಂಬಿನ ವಿಷಯ

ರಮಝಾನ್ ಬಂದಾಗಲೆಲ್ಲ ನಮ್ಮ ಮನೆಯಲ್ಲಿ ಜಗಳ. "ನೋಂಬು ಹಿಡಿಯಬಾರದು ಅಂತ ಹೇಳ್ಲಿಕ್ಕೆ ಡಾಕ್ಟರು ಯಾರು?" ಅಂತ ಅವಳೇ ಕೇಳುತ್ತಿದ್ದಳು. ಕಾಯಿಲೆಗೆ ಅದೊಂದು ಒಳ್ಳೆಯ ನೆಪ. ಯಾರೂ ಪ್ರಶ್ನೆ ಮಾಡುವ ಹಾಗಿಲ್ಲ. ಕೊನೆಗೆ ಅವಳಿಗೆ ಮದ್ರಸದಲ್ಲಿ ಕಲಿಸಿದ ಉಸ್ತಾದರ ಹತ್ತಿರ ಕರೆದುಕೊಂಡು ಹೋದೆವು. ಅವರು ಅಲ್ ಬಕರ ಸೂರದ 184 ಮತ್ತು 185ನೇ ಆಯತ್ ನೆನಪಿಸಿದರು. ರೋಗಿಗೆ ವಿನಾಯಿತಿ ಕೊಟ್ಟದ್ದು ಅಲ್ಲಾಹನೇ, ಬೇರೆ ದಿನಗಳಲ್ಲಿ ಪೂರೈಸಬಹುದು ಅಂತ ಹೇಳಿದರು. "ಜ್ವರ ಮಾತ್ರ ಕಾಯಿಲೆ ಅಂತ ಎಲ್ಲೂ ಹೇಳಿಲ್ಲ ಮಗಳೇ. ಕೊಟ್ಟ ರಿಯಾಯಿತಿಯನ್ನು ತೆಗೆದುಕೊಳ್ಳುವುದೂ ಇಬಾದತ್ತೇ" ಅಂದರು. ನಾವು ಹತ್ತು ಸಲ ಹೇಳಿದರೂ ಇಳಿಯದ ಮಾತು ಅವರು ಒಂದು ಸಲ ಹೇಳಿದಾಗ ಇಳಿಯಿತು. ನಮ್ಮ ಖತೀಬರು, ಉಸ್ತಾದರು ರಮಝಾನಿನ ಮೊದಲು ಈ ಒಂದು ಮಾತನ್ನು ಎಲ್ಲರ ಎದುರು ಹೇಳಿದರೆ ಎಷ್ಟೋ ಮನೆಗಳಿಗೆ ಉಪಕಾರ ಆದೀತು.

ನಿಮ್ಮ ಮನೆಯಲ್ಲಿ ಹೀಗೆ ಕಂಡರೆ

ಊಟದ ಹೊತ್ತಿಗೆ ದಿನಾ ಒಂದು ನೆಪ, ಸಡಿಲ ಬಟ್ಟೆಯೊಳಗೆ ಅಡಗುವುದು, ಮುಟ್ಟು ನಿಲ್ಲುವುದು, ಸೆಕೆಯಲ್ಲೂ ಚಳಿ, ಉಂಡ ತಕ್ಷಣ ಬಾತ್‌ರೂಮಿಗೆ ಓಡುವುದು, ರಮಝಾನ್ ಮುಗಿದ ಮೇಲೂ ನಿಲ್ಲದ ಸುನ್ನತ್ ನೋಂಬು, ಬಿಡುವಿಲ್ಲದ ವ್ಯಾಯಾಮ. ಇವುಗಳಲ್ಲಿ ಎರಡು ಮೂರು ಒಟ್ಟಿಗೆ ಕಂಡರೆ ಕಾಯಬೇಡಿ. ಇದು ಹುಡುಗಿಯರಿಗೆ ಮಾತ್ರ ಬರುವುದೂ ಅಲ್ಲ. ಜಿಮ್ಮಿನ ಹೆಸರಿನಲ್ಲಿ ಊಟ ಬಿಡುವ ಹುಡುಗರೂ ಇದ್ದಾರೆ. ನೋಡಲು ತೀರಾ ಸಣ್ಣ ಕಾಣದವರಿಗೂ ಬರುತ್ತದೆ.

ಮೊದಲು ಒಬ್ಬ ಫಿಸಿಶಿಯನ್ ಹತ್ತಿರ ನಾಡಿ, ಬಿಪಿ, ಇಸಿಜಿ, ರಕ್ತ ಪರೀಕ್ಷೆ. ಜೊತೆಗೇ ಮನೋವೈದ್ಯರು. ಮಂಗಳೂರಿನ ವೈದ್ಯಕೀಯ ಕಾಲೇಜು ಆಸ್ಪತ್ರೆಗಳಲ್ಲಿ ಮನೋರೋಗ ವಿಭಾಗ ಉಂಟು. ಬೆಂಗಳೂರಿನಲ್ಲಿ ನಿಮ್ಹಾನ್ಸ್ ಉಂಟು. ಎಲ್ಲಿಗೆ ಹೋಗಬೇಕು ಗೊತ್ತಾಗದಿದ್ದರೆ ಸರಕಾರದ ಟೆಲಿ ಮಾನಸ್ ಸಂಖ್ಯೆ 14416ಕ್ಕೆ ಕರೆ ಮಾಡಿ. 2022ರ ಅಕ್ಟೋಬರಿನಲ್ಲಿ ಶುರುವಾದ ಈ ಸೇವೆ ಉಚಿತ, ಹಗಲು ರಾತ್ರಿ ಉಂಟು, ಕನ್ನಡದಲ್ಲೇ ಮಾತನಾಡಬಹುದು. ಖರ್ಚಿನ ಬಗ್ಗೆ ಒಂದು ಮಾತು: 2017ರ ಮಾನಸಿಕ ಆರೋಗ್ಯ ರಕ್ಷಣಾ ಕಾಯ್ದೆಯಂತೆ ವಿಮಾ ಕಂಪೆನಿಗಳು ದೈಹಿಕ ಕಾಯಿಲೆಗೆ ಕೊಡುವ ಹಾಗೆಯೇ ಮಾನಸಿಕ ಕಾಯಿಲೆಗೂ ವಿಮೆ ಕೊಡಬೇಕು. ಪಾಲಿಸಿ ಇದ್ದರೆ ಕೇಳಿ ನೋಡಿ.

ನಮ್ಮ ಹುಡುಗಿಗೆ ಈಗ 27. ಕಾಯಿಲೆಯ ಗುರುತು ಇಲ್ಲದೆ ಮೂರು ವರ್ಷ ದಾಟಿತು. ಎಲುಬು ಗಟ್ಟಿಯಾಗಬೇಕಾದ ಪ್ರಾಯದಲ್ಲೇ ಊಟ ಬಿಟ್ಟದ್ದರಿಂದ ಎಲುಬಿನ ಸವೆತಕ್ಕೆ ಈಗಲೂ ಮಾತ್ರೆ ಉಂಟು. ಪರೀಕ್ಷೆಯ ಒತ್ತಡ, ಮನೆಯಲ್ಲಿ ಬೇಸರ ಬಂದಾಗ ಹಳೆಯ ಯೋಚನೆ ಒಮ್ಮೊಮ್ಮೆ ಇಣುಕುತ್ತದಂತೆ. "ಬರ್ತದೆ, ಹೋಗ್ತದೆ. ಈಗ ಅದರ ಮಾತು ಕೇಳೋದಿಲ್ಲ" ಅನ್ನುತ್ತಾಳೆ.

ಈ ವರ್ಷ ಡಾಕ್ಟರು ಎಲ್ಲ ಪರೀಕ್ಷೆ ಮಾಡಿ, ಹತ್ತು ವರ್ಷದಲ್ಲಿ ಮೊದಲ ಸಲ ನೋಂಬಿಗೆ ಒಪ್ಪಿಗೆ ಕೊಟ್ಟರು. ಅತ್ತಾಳ ಬಿಡಬಾರದು, ಸುಸ್ತಾದರೆ ತಕ್ಷಣ ಮುರಿಯಬೇಕು ಎಂಬ ಕರಾರಿನ ಮೇಲೆ. ಎಲ್ಲರಿಗೂ ಹೀಗೆ ಒಪ್ಪಿಗೆ ಸಿಗುವುದಿಲ್ಲ, ಕೇಳದೆ ಯಾರೂ ಹಿಡಿಯಬಾರದು. ಈದ್ ದಿನ ನೆಂಟರು ಬಂದಾಗ ಯಾರೋ ಕೇಳಿದರು, ಎಷ್ಟು ಹಿಡಿದೆ ಅಂತ. "ಇಪ್ಪತ್ತಮೂರು" ಅಂದಳು. ಮೂಲೆಯಲ್ಲಿ ಕೂತಿದ್ದ ನಮ್ಮ ಉಮ್ಮ ಈ ಸಲ ಎಲ್ಲರಿಗಿಂತ ಮೊದಲು, ಎಲ್ಲರಿಗಿಂತ ಗಟ್ಟಿಯಾಗಿ ಹೇಳಿದರು: "ಮಾಶಾ ಅಲ್ಲಾಹ್."